ಆ ಎರಡನೇ ಪುಟಕ್ಕೆ ಇನ್ನು ನಾಲ್ಕು ಸಾಲು ಸೇರಿಸಿ: ಕನ್ನಡದ ಪ್ರಕಾಶಕರಿಗೊಂದು ಬಹಿರಂಗ ಪತ್ರ

ಕನ್ನಡದ ಪ್ರಕಾಶಕರಿಗೆ, ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಮತ್ತು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಓದುಗನೊಬ್ಬನ ನಮಸ್ಕಾರಗಳು.

ಪುಸ್ತಕ ಕೈಗೆ ಬಂದೊಡನೆ ನಾನು ಶೀರ್ಷಿಕೆಯ ಪುಟವನ್ನು ತಿರುವಿ, ಅದರ ಬೆನ್ನಿಗಿರುವ ಸಣ್ಣಕ್ಷರದ ಪುಟವನ್ನು ಓದುತ್ತೇನೆ. ಮುನ್ನುಡಿ, ಬೆನ್ನುಡಿ, ಅರ್ಪಣೆ ಎಲ್ಲ ಆಮೇಲೆ. ಈ ಪುಸ್ತಕ ಯಾವಾಗ ಹುಟ್ಟಿತು, ಎಷ್ಟು ಸಲ ಅಚ್ಚಾಯಿತು, ಯಾರ ಕೈ ದಾಟಿ ನನ್ನವರೆಗೆ ಬಂತು ಎಂಬುದನ್ನು ತಿಳಿಯುವ ಆಸೆ. ಮನೆಗೆ ಬಂದ ಅತಿಥಿಯನ್ನು ಯಾವ ಊರಿನವರು ಎಂದು ಕೇಳುವಷ್ಟೇ ಸಹಜವಾದ ಕುತೂಹಲ ಅದು. ಈಚಿನ ವರ್ಷಗಳಲ್ಲಿ ಆ ಪುಟ ನನಗೆ ಹೇಳುತ್ತಿರುವುದು ಬಹುಮಟ್ಟಿಗೆ ಒಂದೇ ಸಂಗತಿ: “ಬಳಸಿದ ಕಾಗದ: 70 ಜಿ.ಎಸ್.ಎಂ. ಮ್ಯಾಪ್‌ಲಿಥೊ, ಡೆಮಿ 1/8.”

ಕಾಗದ ಎಷ್ಟು ದಪ್ಪ ಎಂದು ಗೊತ್ತಾಗುತ್ತದೆ. ಕಾದಂಬರಿ ಯಾವ ಕಾಲದ್ದು ಎಂದು ಗೊತ್ತಾಗುವುದಿಲ್ಲ. ಈ ಪತ್ರ ಇದೊಂದೇ ವಿಷಯದ ಬಗ್ಗೆ.

ಕೆಲವು ವಾರಗಳ ಹಿಂದೆ ಒಂದು ಹಳೆಯ ಕಾದಂಬರಿಯ ಹೊಸ ಮುದ್ರಣವನ್ನು ಕೊಂಡೆ. ಅದರ ಹೆಸರು ಹೇಳುವುದಿಲ್ಲ. ಇಂಥ ಪುಸ್ತಕವನ್ನು ಮತ್ತೆ ಅಚ್ಚು ಮಾಡಿದ ಪ್ರಕಾಶಕರ ಬಗ್ಗೆ ನನಗೆ ಮೊದಲು ಬರುವ ಭಾವ ಕೃತಜ್ಞತೆಯೇ. ಒಳ್ಳೆಯ ಕಾದಂಬರಿ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಅಣ್ಣನ ಮನೆಯಲ್ಲಿ ಇರುವಷ್ಟು ದಿನ ಯಾರ ಕಣ್ಣಿಗೂ ಬೀಳದಂತೆ ಬದುಕುತ್ತಾಳೆ, ಕೊನೆಗೊಂದು ದಿನ ಹೊರಟುಹೋಗುತ್ತಾಳೆ. ಎರಡು ರಾತ್ರಿಯಲ್ಲಿ ಮುಗಿಸಿದೆ. ಓದುತ್ತಾ ಹೋದಂತೆ ಇದು ಯಾವ ಕಾಲದ ಮನೆ ಎಂಬ ಪ್ರಶ್ನೆ ಕಾಡತೊಡಗಿತು. ಆಕೆಯ ಹಟ ಅಂದಿನವರಿಗೆ ಎಷ್ಟು ದೊಡ್ಡದಾಗಿ ಕಂಡೀತು ಎಂಬುದು ಕಾಲವನ್ನು ಅವಲಂಬಿಸಿದ ಸಂಗತಿಯಲ್ಲವೇ? ಎರಡನೇ ಪುಟದಲ್ಲಿ ಈ ಮುದ್ರಣದ ವರ್ಷ ಮಾತ್ರ ಇತ್ತು. ಲೇಖಕರ ‘ಎರಡು ಮಾತು’ ಇತ್ತು, ಅದರ ಕೆಳಗೆ ತಾರೀಖು ಇರಲಿಲ್ಲ. “ಈ ಮುದ್ರಣದಲ್ಲಿ ಅಲ್ಲಲ್ಲಿ ತಿದ್ದಿದ್ದೇನೆ” ಎಂಬ ಸಾಲೊಂದಿತ್ತು. ಯಾವ ಮುದ್ರಣದಲ್ಲಿ? ಲೇಖಕರು ತೀರಿಕೊಂಡು ಬಹಳ ಕಾಲವಾಗಿದೆ.

ಕೊನೆಗೆ ಕಥೆಯೊಳಗಿನ ಒಂದು ನಾಣ್ಯ ನನಗೆ ದಾರಿ ತೋರಿಸಿತು. ಒಂಬತ್ತನೇ ಅಧ್ಯಾಯದಲ್ಲಿ ಹುಡುಗನೊಬ್ಬ ಅಂಗಡಿಯವನಿಗೆ ಐದು ‘ನಯಾ ಪೈಸೆ’ ಕೊಡುತ್ತಾನೆ. ನಮ್ಮಲ್ಲಿ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. ‘ನಯಾ’ ಎಂಬ ವಿಶೇಷಣ ಬಿದ್ದುಹೋದದ್ದು 1964ರ ಜೂನ್‌ನಲ್ಲಿ. ಹಾಗಾದರೆ ಈ ಕಥೆ ಆ ಏಳು ವರ್ಷಗಳ ನಡುವಿನದ್ದು. ಒಂದು ಸಾಲಿನಲ್ಲಿ ಪ್ರಕಾಶಕರು ಹೇಳಬಹುದಾಗಿದ್ದುದನ್ನು ನಾನು ಪೈಸೆಯ ಲೆಕ್ಕದಿಂದ ಕಂಡುಕೊಂಡೆ. ಹುಡುಕಾಟದಲ್ಲಿ ಸಂತೋಷವಿತ್ತು, ನಿಜ. ಎಲ್ಲ ಓದುಗರಿಗೂ ಆ ವ್ಯವಧಾನ ಇರಬೇಕೆಂದು ಬಯಸುವುದು ನ್ಯಾಯವಲ್ಲ.

ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಅದೇ ಕಾದಂಬರಿಯ ಮೊದಲ ಮುದ್ರಣ ಸಿಕ್ಕಿತು. 1961. ಬೆಲೆ ಎರಡೂವರೆ ರೂಪಾಯಿ. ಕಾಗದ ಹಳದಿಗೆ ತಿರುಗಿ, ಅಂಚು ಮುಟ್ಟಿದರೆ ಪುಡಿಯಾಗುವಂತಿದೆ. ಮೊಳೆ ಅಚ್ಚಿನ ಒತ್ತಿಗೆ ಅಕ್ಷರಗಳು ಕಾಗದದ ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತವೆ. ಹೊಸದನ್ನು ಎಡಗಡೆಗೆ, ಹಳೆಯದನ್ನು ಬಲಗಡೆಗೆ ಇಟ್ಟುಕೊಂಡು ಕೊನೆಯ ಅಧ್ಯಾಯಗಳನ್ನು ಓದಿ ನೋಡಿದೆ. ಹಳೆಯ ಪ್ರತಿಯಲ್ಲಿ ಆಕೆ ಹೊರಡುವ ಮುನ್ನ ಅಣ್ಣನಿಗೆ ಬರೆದಿಟ್ಟ ಕಾಗದವೊಂದಿದೆ. ನಾಲ್ಕು ಪುಟಗಳ ಕಾಗದ. ಹೊಸ ಪ್ರತಿಯಲ್ಲಿ ಅದು ಇಲ್ಲವೇ ಇಲ್ಲ. ಆಕೆ ಒಂದು ಮಾತೂ ಹೇಳದೆ ಹೋಗುತ್ತಾಳೆ. ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದ್ದು ಆ ಮೌನವೇ! ಅದನ್ನು ಲೇಖಕರೇ ಆಮೇಲೆ ಬೇಕೆಂದು ತಂದದ್ದೋ, ಅಥವಾ ಯಾವುದೋ ಮುದ್ರಣಾಲಯದಲ್ಲಿ ಆ ಪುಟಗಳು ತಪ್ಪಿಹೋಗಿ ಹಾಗಾದದ್ದೋ ನನಗೆ ಗೊತ್ತಾಗುವ ಬಗೆಯಿಲ್ಲ. ಲೇಖಕರ ತೀರ್ಮಾನವಾಗಿದ್ದರೆ ಅದು ದೊಡ್ಡ ಕಲೆಗಾರನ ತೀರ್ಮಾನ. ಅಚ್ಚಿನ ಮನೆಯ ಅಚಾತುರ್ಯವಾಗಿದ್ದರೆ ನಾವೆಲ್ಲ ಅರ್ಧ ಕಾದಂಬರಿಯನ್ನು ಹೊಗಳುತ್ತಿದ್ದೇವೆ. “ಇದು ಇಂಥ ವರ್ಷದ, ಲೇಖಕರು ಪರಿಷ್ಕರಿಸಿದ ಎರಡನೇ ಮುದ್ರಣದ ಪಠ್ಯ” ಎಂಬ ಎಂಟು ಹತ್ತು ಪದಗಳು ಆ ಎರಡನೇ ಪುಟದಲ್ಲಿದ್ದಿದ್ದರೆ ಸಾಕಿತ್ತು.

ಇದು ಮುಂದೆ ಇನ್ನಷ್ಟು ತುರ್ತಾಗಲಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಕಳೆದರೆ ಕೃತಿ ಎಲ್ಲರ ಸ್ವತ್ತು. ತ್ರಿವೇಣಿ ಮತ್ತು ಮಂಜೇಶ್ವರ ಗೋವಿಂದ ಪೈ ಇಬ್ಬರೂ 1963ರಲ್ಲಿ ತೀರಿಕೊಂಡವರು. ಅವರು ಬದುಕಿದ್ದಾಗ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಸಾರ್ವಜನಿಕವಾಗಿವೆ. ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕಲಿ. ಓದುಗನಾಗಿ ನನಗೆ ಸಂತೋಷ. ಮೊದಲಾದರೆ ಲೇಖಕರ ಮನೆಯವರು ಪಠ್ಯದ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದರು. ಇನ್ನು ಆ ಕಾವಲೂ ಇಲ್ಲ. ಒಂದೇ ಕಾದಂಬರಿಯನ್ನು ನಾಲ್ಕು ಪ್ರಕಾಶನಗಳು ತಂದಾಗ, ಯಾವುದರಲ್ಲಿ ಪೂರ್ಣ ಪಾಠವಿದೆ, ಯಾವುದು ಅಂತರ್ಜಾಲದಲ್ಲಿ ಸಿಕ್ಕ ಸ್ಕ್ಯಾನ್ ಪ್ರತಿಯಿಂದ ಪುಟ ಹಾರಿಸಿಕೊಂಡು ಬಂದಿದೆ ಎಂದು ಅಂಗಡಿಯಲ್ಲಿ ನಿಂತ ವಿದ್ಯಾರ್ಥಿನಿಗೆ ಹೇಳುವವರು ಯಾರು? ಅವಳ ಕೈಯಲ್ಲಿರುವುದು ಆ ಸಣ್ಣಕ್ಷರದ ಪುಟ ಮಾತ್ರ.

ಈಗ ಅನುವಾದದ ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಸಂಕಟವಿದೆ.

2025ರ ಮೇ 20ರಂದು ಲಂಡನ್ನಿನಲ್ಲಿ, ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾಯಿತು. ಕನ್ನಡಕ್ಕೆ ಮೊದಲನೆಯದು, ಸಣ್ಣಕಥೆಗಳ ಸಂಕಲನವೊಂದಕ್ಕೂ ಮೊದಲನೆಯದು. ನಾವೆಲ್ಲ ಹಬ್ಬ ಮಾಡಿದೆವು. ಪ್ರಶಸ್ತಿಯ 50,000 ಪೌಂಡ್ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸಮನಾಗಿ ಸಂದಿತು. ಬಹುಮಾನದ ನಿಯಮವೇ ಹಾಗಿದೆ: ಬರೆದವರಿಗೆ ಅರ್ಧ, ಭಾಷೆ ದಾಟಿಸಿದವರಿಗೆ ಅರ್ಧ. ನಮ್ಮ ವೇದಿಕೆಗಳಲ್ಲಿ ಈ ಸಮಪಾಲನ್ನು ಹಾಡಿ ಹೊಗಳಿದ್ದನ್ನು ಕೇಳಿದ್ದೇನೆ. ಅದೇ ಪ್ರೀತಿಯನ್ನು ಕನ್ನಡಕ್ಕೆ ಬರುವ ಪುಸ್ತಕಗಳ ಅನುವಾದಕರಿಗೂ ತೋರಿಸಿದರೆ ಚೆನ್ನಲ್ಲವೇ? ಕಳೆದ ವರ್ಷ ನಾನು ಓದಿದ ಅನುವಾದಗಳಲ್ಲಿ ಎರಡು ಪುಸ್ತಕಗಳ ಮುಖಪುಟದಲ್ಲಿ ಅನುವಾದಕರ ಹೆಸರೇ ಇರಲಿಲ್ಲ. ಒಂದರಲ್ಲಂತೂ ಅನುವಾದಕಿಗೆ ತಮ್ಮ ಮಾತುಗಳನ್ನು ಬರೆದುಕೊಳ್ಳಲೂ ಒಂದು ಪುಟ ಸಿಕ್ಕಿರಲಿಲ್ಲ. ಕಾನೂನಿನ ಪ್ರಕಾರವೂ ಅನುವಾದಕ್ಕೆ ತನ್ನದೇ ಕೃತಿಸ್ವಾಮ್ಯವಿದೆ. ವರ್ಷಗಟ್ಟಲೆ ಒಂದೊಂದು ವಾಕ್ಯದ ಮುಂದೆ ಕೂತವರ ಹೆಸರನ್ನು ಒಳಗೆಲ್ಲೋ ಮುದ್ರಣಾಲಯದ ವಿಳಾಸದ ಪಕ್ಕ ಇಡುವುದು ನನ್ನಿಂದ ನೋಡಲಾಗುವುದಿಲ್ಲ.

ಆ ಎರಡರಲ್ಲಿ ಒಂದು ಬಂಗಾಳಿ ಕಾದಂಬರಿ. ಎರಡನೇ ಪುಟದಲ್ಲಿ ಮೂಲದ ಹೆಸರಿಲ್ಲ, ಮೂಲ ಪ್ರಕಟವಾದ ವರ್ಷವಿಲ್ಲ, ಬಂಗಾಳಿಯಿಂದ ನೇರವಾಗಿ ಬಂದದ್ದೇ ಎಂಬುದೂ ಇಲ್ಲ. ನಾಯಕನ ತಾಯಿಗೆ ಒಬ್ಬ ತಂಗಿ; ಮೊದಲ ಅಧ್ಯಾಯದಲ್ಲಿಯೇ ಅದು ಸ್ಪಷ್ಟ. ಆದರೆ ಪುಸ್ತಕದ ಉದ್ದಕ್ಕೂ ಆತ ಅವಳನ್ನು ‘ಅತ್ತೆ’ ಎಂದು ಕರೆಯುತ್ತಾನೆ. ನಾನು ಗೊಂದಲಗೊಂಡು ಮತ್ತೆ ಮೊದಲಿಗೆ ಹೋಗಿ ನೋಡಿದೆ. ಬಂಗಾಳಿಯಲ್ಲಿ ತಾಯಿಯ ತಂಗಿ ‘ಮಾಶಿ’, ತಂದೆಯ ತಂಗಿ ‘ಪಿಶಿ’. ನಮ್ಮಲ್ಲಿ ಚಿಕ್ಕಮ್ಮ ಬೇರೆ, ಸೋದರತ್ತೆ ಬೇರೆ. ಎರಡೂ ಭಾಷೆಗಳಿಗೆ ಇರುವ ಈ ಭೇದ ನಡುದಾರಿಯಲ್ಲಿ ಕಳೆದುಹೋಗಬೇಕಾದರೆ, ಇಬ್ಬರಿಗೂ ಒಂದೇ ಪದ ಬಳಸುವ ಇಂಗ್ಲಿಷ್ ನಡುವೆ ಬಂದಿರಲೇಬೇಕು. ಇಂಗ್ಲಿಷಿನ ಮೂಲಕ ಅನುವಾದ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ರಷ್ಯನ್, ಫ್ರೆಂಚ್ ಸಾಹಿತ್ಯದ ಬಹುಪಾಲು ನಮಗೆ ಆ ಬಾಗಿಲಿನಿಂದಲೇ ಬಂದಿದೆ, ಅದರಿಂದ ನಾವು ಬೆಳೆದಿದ್ದೇವೆ. ಆದರೆ ಬಂದ ದಾರಿಯನ್ನು ಹೇಳಬೇಕು. ಹೇಳಿದ್ದರೆ ಆ ಅತ್ತೆಯನ್ನು ನಾನು ಚಿಕ್ಕಮ್ಮನೆಂದೇ ಓದಿಕೊಂಡು ಮುಂದೆ ಹೋಗುತ್ತಿದ್ದೆ. ನಡುವೆ ಇದ್ದ ಇಂಗ್ಲಿಷ್ ಅನುವಾದಕರಿಗೂ ಅವರ ಋಣ ಸಂದಾಯವಾಗುತ್ತಿತ್ತು.

ಬುಕರ್ ಬಂದ ವಾರ ನನ್ನನ್ನು ಮೂರ್ನಾಲ್ಕು ಪರಿಚಿತರು ಕೇಳಿದ ಪ್ರಶ್ನೆ ಒಂದೇ: ‘ಹಾರ್ಟ್ ಲ್ಯಾಂಪ್’ನ ಆ 12 ಕಥೆಗಳು ಕನ್ನಡದಲ್ಲಿ ಎಲ್ಲಿ ಸಿಗುತ್ತವೆ, ಯಾವುದು ಮೊದಲು ಬರೆದದ್ದು? 1990ರಿಂದ 2023ರವರೆಗೆ ಹರಡಿಕೊಂಡಿರುವ ಕಥೆಗಳವು. ಮೂವತ್ತು ವರ್ಷಗಳಲ್ಲಿ ಒಬ್ಬ ಲೇಖಕಿಯ ಧ್ವನಿ ಹೇಗೆ ಗಟ್ಟಿಯಾಯಿತು ಎಂದು ನೋಡಲು ಯಾರಿಗೆ ಆಸೆಯಿರುವುದಿಲ್ಲ? ನನ್ನ ಕಪಾಟಿನಲ್ಲಿರುವ ಬೇರೆ ಬೇರೆ ಲೇಖಕರ ಕಥಾಸಂಕಲನಗಳನ್ನೆಲ್ಲ ಇಳಿಸಿ ನೋಡಿದೆ. ಪ್ರತಿ ಕಥೆ ಯಾವ ಪತ್ರಿಕೆಯಲ್ಲಿ, ಯಾವ ದೀಪಾವಳಿ ಸಂಚಿಕೆಯಲ್ಲಿ, ಯಾವ ವರ್ಷ ಮೊದಲು ಬಂತು ಎಂದು ದಾಖಲಿಸಿದ ಸಂಕಲನಗಳು ಒಂದು ಕೈಯ ಬೆರಳೆಣಿಕೆಯಷ್ಟು. ಲೇಖಕರಿಗೆ ಅದು ನೆನಪಿರುವಾಗ ಕೇಳಿ ಬರೆದುಕೊಳ್ಳಿ. ಆಮೇಲೆ ಕೇಳಲು ಅವರಿರುವುದಿಲ್ಲ.

ಕರಡು ತಿದ್ದುವವರ ಬಗ್ಗೆ ಒಂದು ಮಾತು. ಈಚೆಗೆ ಓದಿದ ಹೊಸ ಕಥೆಗಾರನೊಬ್ಬನ ಮೊದಲ ಸಂಕಲನ ನನಗೆ ಬಹಳ ಹಿಡಿಸಿತು. ಮಾತು ಕಡಿಮೆ, ನೋಟ ಹರಿತ. ಆದರೆ ಅದರಲ್ಲಿ ‘ಸೂರ್ಯ’ ಎಂಬಲ್ಲಿ ‘ಸೂಯರ್’, ‘ಮಾರ್ಗ’ ಎಂಬಲ್ಲಿ ‘ಮಾಗರ್’ ಎಂದು ಅಚ್ಚಾಗಿತ್ತು. ಅಂತರ್ಜಾಲದಲ್ಲಿ ‘ಕನರ್ಾಟಕ’ ಎಂಬ ರೂಪವನ್ನು ನೀವೂ ನೋಡಿರುತ್ತೀರಿ. ಇದು ಕಥೆಗಾರನ ಕಾಗುಣಿತದ ತಪ್ಪಲ್ಲ. ಹಳೆಯ ಆಸ್ಕಿ ಅಕ್ಷರಶೈಲಿಗಳಲ್ಲಿ ಅರ್ಕಾವತ್ತನ್ನು ವ್ಯಂಜನದ ನಂತರ ಒತ್ತಬೇಕು, ಈಗ ಎಲ್ಲ ಕಂಪ್ಯೂಟರ್‌ಗಳಿಗೂ ಹೊಂದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಿಸುವ ತಂತ್ರಾಂಶ ಅರೆಬರೆಯಾಗಿದ್ದರೆ ಎರಡೂ ಅದಲುಬದಲಾಗುತ್ತವೆ. ಒಬ್ಬರು ಕಣ್ಣಾಡಿಸಿದ್ದರೆ ಹೋಗುತ್ತಿದ್ದ ತಪ್ಪು. ಆ ಒಬ್ಬರ ಹೆಸರನ್ನು ಎರಡನೇ ಪುಟದಲ್ಲಿ ಹಾಕಿ ನೋಡಿ. “ಕರಡು ತಿದ್ದಿದವರು” ಎಂದು ಹೆಸರು ಅಚ್ಚಾದ ಪುಸ್ತಕಗಳು ನನ್ನ ಬಳಿ ಕೆಲವಿವೆ, ಅವು ಬಹುಮಟ್ಟಿಗೆ ಸ್ವಚ್ಛವಾಗಿವೆ. ಹೆಸರಿದ್ದಲ್ಲಿ ಜವಾಬ್ದಾರಿಯೂ ಇರುತ್ತದೆ, ಮರ್ಯಾದೆಯೂ ಸಿಗುತ್ತದೆ. ಜೊತೆಗೆ ಒಂದು ಪ್ರಾರ್ಥನೆ: ಪುಸ್ತಕ ಮುಗಿದ ಮೇಲೆ ಯೂನಿಕೋಡ್ ಕಡತವನ್ನು ಕಾಪಾಡಿಕೊಳ್ಳಿ. ಪುಟವಿನ್ಯಾಸ ಮಾಡಿದವರ ಹಳೆಯ ಕಂಪ್ಯೂಟರ್ ಕೆಟ್ಟುಹೋಯಿತೆಂಬ ಕಾರಣಕ್ಕೆ ಮರುಮುದ್ರಣ ನಿಂತುಹೋದ ಕಥೆಯನ್ನು ಪ್ರಕಾಶಕ ಮಿತ್ರರ ಬಾಯಿಂದಲೇ ಕೇಳಿದ್ದೇನೆ.

ಮುದ್ರಣಗಳ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಪುಸ್ತಕಗಳಲ್ಲಿ “ಪ್ರತಿಗಳು: 1000” ಎಂಬ ಸಾಲು ಸಾಮಾನ್ಯವಾಗಿರುತ್ತಿತ್ತು. ಡಿಜಿಟಲ್ ಮುದ್ರಣ ಬಂದ ಮೇಲೆ ಐವತ್ತು, ನೂರು ಪ್ರತಿಗಳನ್ನೂ ಹಾಕಿಸಬಹುದು. ಸಣ್ಣ ಪ್ರಕಾಶಕರಿಗೆ ಅದು ವರದಾನ. ಗೋದಾಮಿನಲ್ಲಿ ಗೆದ್ದಲಿಗೆ ಆಹಾರವಾಗುವ ಕಟ್ಟುಗಳಿಲ್ಲ, ಸಾಲವಿಲ್ಲ. ಅದೇ ಹೊತ್ತಿಗೆ ತಿಂಗಳೊಳಗೆ “ಮೂರನೇ ಮುದ್ರಣ” ಎಂಬ ಪಟ್ಟಿ ಮುಖಪುಟಕ್ಕೆ ಬರುತ್ತದೆ, “ಪ್ರತಿಗಳು” ಎಂಬ ಸಾಲು ಒಳಗಿನಿಂದ ಮಾಯವಾಗುತ್ತದೆ. ನೂರು ಪ್ರತಿ ಎಂದು ಬರೆಯಲು ಸಂಕೋಚವೇಕೆ? ಒಳ್ಳೆಯ ಕವನ ಸಂಕಲನವೊಂದನ್ನು ನೂರು ಮಂದಿ ದುಡ್ಡು ಕೊಟ್ಟು ಓದಿದರೆ ಅದು ಸಣ್ಣ ಸಂಗತಿಯಲ್ಲ. ಲೇಖಕರ ಗೌರವಧನದ ಲೆಕ್ಕವೂ ಆ ಸಾಲಿನಿಂದ ನೇರವಾಗುತ್ತದೆ.

ನಿಮ್ಮ ಕಷ್ಟಗಳನ್ನು ಅರಿಯದೆ ಇದನ್ನೆಲ್ಲ ಬರೆಯುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಪುಸ್ತಕಗಳ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ನಿಲ್ಲಿಸಿದಾಗ, ಒಂದೊಂದೇ ಪ್ರತಿ ಕಳುಹಿಸಿ ಬದುಕುವ ಪ್ರಕಾಶಕರಿಗೆ ಉಸಿರು ಕಟ್ಟಿದಂತಾಯಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದು, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ ಎಂದಾದದ್ದು ಸ್ವಲ್ಪ ಸಮಾಧಾನ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಕಾಗದದ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 18ಕ್ಕೆ ಏರಿತು. ಪುಸ್ತಕಕ್ಕೆ ತೆರಿಗೆಯಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದಲೇ ಕಾಗದಕ್ಕೆ ಕೊಟ್ಟ ತೆರಿಗೆಯನ್ನು ವಾಪಸ್ ಪಡೆಯುವ ದಾರಿ ಪ್ರಕಾಶಕರಿಗಿಲ್ಲ. ಆ ಹೊರೆ ಸೀದಾ ಪುಸ್ತಕದ ಬೆಲೆಗೆ ಬಂದು ಕೂರುತ್ತದೆ. ಗ್ರಂಥಾಲಯಗಳ ಸಗಟು ಖರೀದಿಯ ಹಣ ತಡವಾಗುವುದಂತೂ ಹಳೆಯ ಗೋಳು. ಇಷ್ಟರ ನಡುವೆಯೂ ನೀವು ಪುಸ್ತಕ ತರುತ್ತಿದ್ದೀರಿ. ಆದರೆ ನಾನು ಕೇಳುತ್ತಿರುವ ಸಾಲುಗಳಿಗೆ ಹೆಚ್ಚಿನ ಕಾಗದ ಬೇಡ, ಆ ಪುಟದ ಅರ್ಧ ಭಾಗ ಹೇಗೂ ಖಾಲಿ ಇರುತ್ತದೆ.

ಪ್ರಾಧಿಕಾರಕ್ಕೆ, ಗ್ರಂಥಾಲಯ ಇಲಾಖೆಗೆ ನನ್ನ ವಿನಂತಿ ಹೀಗಿದೆ. ಸಗಟು ಖರೀದಿಗೆ ಬರುವ ಪುಸ್ತಕಗಳ ಕಾಗದ, ಆಕಾರ, ಪುಟಸಂಖ್ಯೆಗಳನ್ನು ನೀವು ಕೇಳುತ್ತೀರಿ. ಆದ್ದರಿಂದಲೇ “70 ಜಿ.ಎಸ್.ಎಂ.” ಎಂಬ ಸಾಲು ಯಾವ ಪುಸ್ತಕದಲ್ಲೂ ತಪ್ಪುವುದಿಲ್ಲ. ಕೇಳಿದರೆ ಬರೆಯುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ. ಇನ್ನು ಮೇಲೆ ಮೊದಲ ಮುದ್ರಣದ ವರ್ಷವನ್ನೂ ಅನಂತರದ ಮುದ್ರಣಗಳ ಪ್ರತಿಸಂಖ್ಯೆಯನ್ನೂ ಕೇಳಿ. ಮರುಮುದ್ರಣವಾದರೆ ಯಾವ ಪಠ್ಯವನ್ನು ಅನುಸರಿಸಲಾಗಿದೆ ಎಂದು ಕೇಳಿ. ಅನುವಾದವಾದರೆ ಮೂಲದ ಹೆಸರು, ಭಾಷೆ, ವರ್ಷ, ನಡುವೆ ಬಳಸಿದ ಭಾಷೆ, ಮುಖಪುಟದ ಮೇಲೆ ಅನುವಾದಕರ ಹೆಸರು ಇವೆಯೇ ಎಂದು ನೋಡಿ. ಸಂಪಾದಿಸಿದವರು, ಕರಡು ತಿದ್ದಿದವರು ಯಾರೆಂದು ಕೇಳಿ. ಪುಸ್ತಕವನ್ನು ಗುರುತಿಸುವ ಐ.ಎಸ್.ಬಿ.ಎನ್. ಸಂಖ್ಯೆ ದೇಶದ ಎಲ್ಲ ಪ್ರಕಾಶಕರಿಗೂ ಉಚಿತವಾಗಿ ಸಿಗುತ್ತದೆ, ಅದಿಲ್ಲದ ಪುಸ್ತಕಗಳು ಇನ್ನೂ ಬರುತ್ತಿರುವುದು ಏಕೆಂದು ವಿಚಾರಿಸಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರತಿ ಹೊಸ ಪುಸ್ತಕದ ಪ್ರತಿಯನ್ನು 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ಕಳುಹಿಸಬೇಕು. ತಪ್ಪಿದರೆ ದಂಡ ಹೆಚ್ಚೆಂದರೆ 50 ರೂಪಾಯಿ, ಜೊತೆಗೆ ಪುಸ್ತಕದ ಬೆಲೆ. ಆ ದಂಡಕ್ಕೆ ಯಾರೂ ಹೆದರುವುದಿಲ್ಲ. ನಿಮ್ಮ ಖರೀದಿಯ ಒಂದು ಷರತ್ತಿಗೆ ಎಲ್ಲರೂ ಬೆಲೆ ಕೊಡುತ್ತಾರೆ.

ಆ ಹಳೆಯ ಕಾದಂಬರಿಯ ಹೊಸ ಪ್ರತಿ ಈಗಲೂ ನನ್ನ ಮೇಜಿನ ಮೇಲಿದೆ. ಅದರ ಎರಡನೇ ಪುಟದಲ್ಲಿ, ಕಾಗದದ ತೂಕ ಹೇಳುವ ಸಾಲಿನ ಕೆಳಗೆ, ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: “ಮೊದಲ ಮುದ್ರಣ 1961. ಕೊನೆಯ ಅಧ್ಯಾಯದಲ್ಲಿ ಅಣ್ಣನಿಗೆ ಬರೆದ ಕಾಗದ ಇದರಲ್ಲಿಲ್ಲ.” ಪ್ರಕಾಶಕರು ಈ ಪತ್ರ ಓದಿ ಇದು ತಮ್ಮ ಪುಸ್ತಕವೆಂದು ಗುರುತಿಸಿದರೆ, ಮುಂದಿನ ಮುದ್ರಣಕ್ಕೆ ಮುನ್ನ ನನಗೆ ತಿಳಿಸಲಿ. 1961ರ ಪ್ರತಿಯನ್ನು ನಾನೇ ತಂದುಕೊಡುತ್ತೇನೆ. ಬಿಚ್ಚುವಾಗ ಮೆಲ್ಲಗೆ ಬಿಚ್ಚಿ, ಆ ನಾಲ್ಕು ಪುಟಗಳ ಹೊಲಿಗೆ ಸಡಿಲವಾಗಿದೆ.

ಇಂತಿ,
ಕನ್ನಡ ಪುಸ್ತಕಗಳ ಓದುಗ